ರೆಪ್ಪೆ ಹೊಡೆಯಲು ಕಲಿತ ಧನುಶ್ರೀ

ಚಿನಕುರಳಿಗೆ ಬಂದು ಕುಮಾರನ ಮನೆ ಯಾವುದೆಂದು ಕೇಳಿ ನೋಡಿ, ಯಾವ ಕುಮಾರ ಎನ್ನುತ್ತಾರೆ. ಧನುಶ್ರೀ ಗಂಡ ಕುಮಾರ ಎಂದು ಹೇಳಿದಿರೋ, ಎದ್ದು ಬಂದು ದಾರಿ ತೋರಿಸುತ್ತಾರೆ. ಕುಮಾರ ಕಲ್ಲುಕ್ವಾರಿಯ ಟ್ರಾಕ್ಟರು ಓಡಿಸುವವನು. ಇದರಿಂದ ಅವನಿಗೇನೂ ಬೇಸರವಿಲ್ಲ.

ಧನುಶ್ರೀಗೆ ಇಪ್ಪತ್ತೇಳು ವರ್ಷ. ತವರು ನಾಗಮಂಗಲ ಕಡೆಯ ಬಿಂಡಿಗನವಿಲೆ. ಬೆಳಗ್ಗೆ ಏಳಕ್ಕೆ ಗಾರ್ಮೆಂಟ್ಸ್ ಬಸ್ಸು ಹತ್ತಿ ಶ್ರೀರಂಗಪಟ್ಟಣದ ಕಡೆ ಹೋದರೆ ದಿನವೆಲ್ಲ ಅಂಗಿಯ ಕಾಲರ್ ಹೊಲಿಯುವುದು. ಸಂಜೆ ಐದಕ್ಕೆ ಬಸ್ಸಿಳಿದು, ಟ್ರ್ಯಾಕ್ ಪ್ಯಾಂಟು ಏರಿಸಿ, ಐದು ವರ್ಷದ ಮಗಳು ಅನುವನ್ನು ಅತ್ತೆ ಬೆಟ್ಟಮ್ಮನ ಮಡಿಲಿಗೆ ದಾಟಿಸಿ, ಶಾಲೆಯ ಹಿಂದಿನ ಮಣ್ಣಿನ ಅಂಕಣಕ್ಕೆ ಒಂದೇ ಓಟ. ಅಲ್ಲಿ ಅವಳು ಕಬಡ್ಡಿ ತಂಡದ ಎಡ ಕಾರ್ನರ್. ಏಳು ಹೆಂಗಸರು ಅರ್ಧಚಂದ್ರದ ಹಾಗೆ ನಿಂತರೆ ಎಡಗಡೆಯ ತುದಿಯವಳು ಅವಳೇ. ಎದುರು ತಂಡದಿಂದ ರೈಡಿಗೆ ಬಂದವಳ ಕಾಲು ಯಾವಾಗ ಎದ್ದೀತು, ಯಾವಾಗ ಊರೀತು ಎಂದು ಕಾದಿದ್ದು, ಊರಿದ ಕ್ಷಣಕ್ಕೆ ಸರಿಯಾಗಿ ಪಾದದ ಗಂಟಿಗೆ ಕೈ ಹಾಕಬೇಕು. ಅರ್ಧ ಕ್ಷಣ ಮುಂಚೆಯೂ ಅಲ್ಲ, ಆಮೇಲೂ ಅಲ್ಲ.

ತಂಡ ಕಟ್ಟಿದವರು ನಿವೃತ್ತ ಪಿ.ಟಿ. ಮೇಷ್ಟ್ರು ಚಿಕ್ಕಸ್ವಾಮಿ. ಅವರದೊಂದು ಅಭ್ಯಾಸವಿತ್ತು. ಆಟಕ್ಕೆ ಮುಂಚೆ ಹುಡುಗಿಯರನ್ನು ಎದುರುಬದುರು ಕೂರಿಸಿ ಒಬ್ಬರನ್ನೊಬ್ಬರು ನೋಡಿಸುವುದು. ಮೊದಲು ಯಾರು ರೆಪ್ಪೆ ಹೊಡೆದರೋ ಅವರು ಮೈದಾನಕ್ಕೆ ಮೂರು ಸುತ್ತು ಓಡಬೇಕು.

"ರೆಪ್ಪೆ ಮುಚ್ಚಿದ್ರೆ ಕಾಲು ಓಯ್ತು ಕನ್ರವ್ವಾ," ಎನ್ನುತ್ತಿದ್ದರು.

ಮಿಕ್ಕವರೆಲ್ಲ ಓಡಿ ಓಡಿ ಸವೆದರು. ಧನುಶ್ರೀ ಮಾತ್ರ ಒಂದು ದಿನವೂ ಓಡಲಿಲ್ಲ. ಅಂಕಣದ ಸುತ್ತ ನಿಂತ ಗಂಡಸರು, "ಮಾರಮ್ಮ ನೋಡ್ದಂಗೆ ನೋಡ್ತಾಳೆ ಕಣ್ಲಾ, ನನ್ ಕಾಲೇ ನಡುಗ್ತದೆ," ಎಂದು ಮಾತಾಡಿಕೊಳ್ಳುವುದು ಅವಳ ಕಿವಿಗೂ ಬೀಳುತ್ತಿತ್ತು. ಕೇಳಿಸದವಳಂತೆ ಇನ್ನೂ ಒಂದಿಷ್ಟು ಕಣ್ಣರಳಿಸುತ್ತಿದ್ದಳು.

ಹೀಗಿರುವಾಗ ಪಾಂಡವಪುರದಲ್ಲಿ ಒಂದು ಪಂದ್ಯವಾಯಿತು. ಮೊದಲರ್ಧದಲ್ಲಿ ಮೂವರನ್ನು ಹಿಡಿದು ಕೆಡವಿದ ಧನುಶ್ರೀಗೆ ಎರಡನೇ ಅರ್ಧದಲ್ಲಿ ಅಂಕಣದ ಬಿಳಿಗೆರೆ ನೀರಲ್ಲಿ ಕದಡಿದ ಸುಣ್ಣದಂತೆ ಕಂಡಿತು. ರೈಡಿಗೆ ಬಂದವಳ ಒಂದು ಪಾದ ಎರಡಾಯಿತು. ಬಗ್ಗಿ ಹಿಡಿದಳು, ಕೈಗೆ ಸಿಕ್ಕಿದ್ದು ಬರೀ ಮಣ್ಣು. ಮತ್ತೊಮ್ಮೆ ಹಿಡಿದಳು, ಮತ್ತೂ ಮಣ್ಣು. ಮೂರು ಪಾಯಿಂಟಿನಿಂದ ಸೋತರು.

"ಮಗು ಆದ್ಮೇಲೆ ಮೊದ್ಲಿನ ಚುರುಕು ಎಲ್ಲಿ ಬತ್ತದೆ ಬುಡು," ಎಂದರು ಮೇಷ್ಟ್ರು.

ಧನುಶ್ರೀಗೆ ನೆನಪಾದದ್ದು ಅಪ್ಪ. ಅವಳ ಅಪ್ಪ ನರಸಯ್ಯ ಬಿಂಡಿಗನವಿಲೆಯಲ್ಲಿ ಕುರಿ ಸಾಕಿದವನು. ನಲವತ್ತೈದಕ್ಕೆಲ್ಲ ಎರಡೂ ಕಣ್ಣು ಹೋಗಿದ್ದವು. ಅವನಿಗೂ ಶುರುವಾಗಿದ್ದು ಹೀಗೆ, 'ಒಸಿ ಮಂಜು ಮಂಜು' ಎಂದುಕೊಂಡೇ. ಇವತ್ತಿಗೂ ಸಂಜೆ ದೊಡ್ಡಿಯ ಬಾಗಿಲಲ್ಲಿ ಕೂತು ಒಂದೊಂದೇ ಕುರಿಯ ಬೆನ್ನು ಮುಟ್ಟಿ ಎಣಿಸುತ್ತಾನೆ. ತನಗೂ ಅದೇ ಬಂತು ಎಂದು ಧನುಶ್ರೀ ತೀರ್ಮಾನಿಸಿಬಿಟ್ಟಳು. ತೀರ್ಮಾನಿಸಿದವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಆಟ ನಿಲ್ಲುತ್ತದೆ, ಹೊಲಿಗೆ ನಿಲ್ಲುತ್ತದೆ. ಮಗಳ ಮುಖ ಕಾಣುವಷ್ಟು ದಿನ ಕಾಣಲಿ ಎಂದು ಮಲಗಿದ ಅನುವನ್ನು ಬಗ್ಗಿ ಬಗ್ಗಿ ನೋಡತೊಡಗಿದಳು.

ಆದರೆ ಕೆಂಪಗಾದ ಕಣ್ಣನ್ನು, ಸುರಿಯುವ ನೀರನ್ನು ಎಲ್ಲಿ ಬಚ್ಚಿಡುವುದು? ಬೆಟ್ಟಮ್ಮನಿಗೆ ಗೊತ್ತಾಯಿತು.

"ಉಷ್ಣ ಆಗಿರೋದು ಕಣೆ ಕೂಸೇ," ಎಂದು ನೆತ್ತಿಗೆ ಹರಳೆಣ್ಣೆ ತಟ್ಟಿದಳು. ಎರಡು ದಿನ ಕಾದಳು. ಕಡಿಮೆಯಾಗದಿದ್ದಾಗ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದು ಕಣ್ಣಿಗೂ ಒಂದೊಂದು ತೊಟ್ಟು ಬಿಟ್ಟೇಬಿಟ್ಟಳು. ಧನುಶ್ರೀ ಬೆಳಗಿನವರೆಗೆ ಕಣ್ಣು ತೆರೆಯಲಿಲ್ಲ.

"ನಮ್ಮವ್ವ ಗಾಡಿ ಅಚ್ಚಿಗೂ ಅದೇ ಎಣ್ಣೆ, ಸೊಸೆ ಕಣ್ಗೂ ಅದೇ ಎಣ್ಣೆ," ಎಂದ ಕುಮಾರ.

ಅವನು ನಗಿಸಲು ಹೇಳಿದ್ದು. ಧನುಶ್ರೀ ಅಳಲು ಶುರುಮಾಡಿದಳು. ಅಳುತ್ತಳುತ್ತಲೇ ಅಪ್ಪನ ಕಥೆ, ಪಂದ್ಯದಲ್ಲಿ ಕಂಡ ಎರಡು ಪಾದ, ಎಲ್ಲ ಹೇಳಿದಳು. ಬೆಟ್ಟಮ್ಮ ಸೆರಗಿಗೆ ಕೈ ಒರೆಸಿಕೊಂಡಳು.

"ನಾಳೆ ಕೆಲ್ಸಕ್ಕೆ ರಜ ಯೋಳು. ನಾನೂ ಬತ್ತೀನಿ."

ಮಾರನೇ ದಿನ ಪಾಂಡವಪುರದಲ್ಲಿ ಕಣ್ಣು ತಪಾಸಣೆಯ ಶಿಬಿರವಿತ್ತು. ಪ್ರಿಯಾಂಕ ಎಂಬ ಡಾಕ್ಟರು, ಸಣ್ಣ ವಯಸ್ಸಿನವರು, ಧನುಶ್ರೀಯ ಗದ್ದವನ್ನು ಒಂದು ಯಂತ್ರದ ಮೇಲೆ ಇಡಿಸಿ, ಬೆಳಕು ಬಿಟ್ಟು, ಒತ್ತಡ ನೋಡಿ, ಹಳದಿ ಬಣ್ಣದ ಔಷಧಿ ಹಾಕಿ ಬಹಳ ಹೊತ್ತು ನೋಡಿದರು. ಬೆಟ್ಟಮ್ಮ ಪಕ್ಕದಲ್ಲೇ ನಿಂತಿದ್ದಳು.

"ನಿಮ್ಮ ತಂದೆಗೆ ಬಂದದ್ದು ನಿಮಗೆ ಬಂದಿಲ್ಲ," ಎಂದರು ಡಾಕ್ಟರು. "ವರ್ಷಕ್ಕೊಂದು ಸಲ ತೋರಿಸ್ತಾ ಇರಿ, ಮರೀಬೇಡಿ. ಈಗಿರೋದು ಕಣ್ಣು ಒಣಗಿರೋದು, ಅಷ್ಟೇ."

ಧನುಶ್ರೀ ಕುರ್ಚಿಯ ಕೈ ಹಿಡಿದುಕೊಂಡಳು. ಮಾತಾಡಿದ್ದು ಬೆಟ್ಟಮ್ಮ.

"ಅಲ್ಲ ಕನವ್ವಾ, ಕಣ್ಣಲ್ಲಿ ನೀರು ಸುರೀತಾ ಅದೆ. ನೀವು ಒಣಗೋಗಿದೆ ಅಂತೀರ. ಇದ್ಯಾವ ನ್ಯಾಯ?"

"ಅಜ್ಜಿ, ನೀವು ಸಗಣಿ ಸಾರಿಸಿದ್ದೀರಲ್ಲ ನೆಲಕ್ಕೆ? ಕೈಯಲ್ಲಿ ತೆಳ್ಳಗೆ ಬಳೀತೀರ. ಬಕೆಟ್ ಎತ್ತಿ ಸುರಿದ್ಬುಟ್ರೆ ನೆಲ ಸಾರ್ಸಿದಂಗಾಯ್ತದಾ?"

"ಆಗಕಿಲ್ಲ. ಹರ್ಕೊಂಡು ಮೂಲೆಗೋಯ್ತದೆ."

"ಅಷ್ಟೇ. ಕಣ್ಣಿನ ಮೇಲೂ ನೀರು ತೆಳ್ಳಗೆ ಇರಬೇಕು. ಬಳಿಯೋ ಕೈ ಅಂದ್ರೆ ರೆಪ್ಪೆ. ಹತ್ತು ಹನ್ನೆರಡು ಸೆಕೆಂಡು ಬಳಿಯದೇ ಹೋದ್ರೆ ಅಲ್ಲಲ್ಲಿ ಒಡೆಯುತ್ತೆ, ಆಗ ಮಂಜಾಗುತ್ತೆ. ಉರಿ ತಡೀಲಾರದೆ ಕಣ್ಣು ಬಕೆಟ್ಟು ಸುರಿಯುತ್ತೆ, ಅದು ಕೆನ್ನೆಗೆ ಹೋಗುತ್ತೆ." ಡಾಕ್ಟರು ಧನುಶ್ರೀ ಕಡೆ ತಿರುಗಿದರು. "ಒಂದೇ ಕಡೆ ನೆಟ್ಟು ನೋಡೋವಾಗ ಯಾರಿಗಾದರೂ ರೆಪ್ಪೆ ಹೊಡೆಯೋದು ಕಮ್ಮಿ ಆಗುತ್ತೆ. ನೀವು ದಿನವೆಲ್ಲ ಏನು ಕೆಲಸ ಮಾಡ್ತೀರ?"

"ಕಾಲರ್ ಹೊಲೀತೀನಿ. ಸೂಜಿ ನೋಡ್ಕೊಂಡು. ಸಂಜೆ ಕಬಡ್ಡಿ ಆಡ್ತೀನಿ."

"ಕಬಡ್ಡಿ ಆಡುವಾಗ ರೆಪ್ಪೆ ಎಷ್ಟು ಸಲ ಹೊಡೀತೀರ?"

"ಹೊಡೆಯೋದೇ ಇಲ್ಲ ಮೇಡಂ," ಎಂದಳು ಧನುಶ್ರೀ, ಬೆನ್ನು ನೆಟ್ಟಗೆ ಮಾಡಿ.

ಡಾಕ್ಟರು ಪೆನ್ನು ಕೆಳಗಿಟ್ಟರು. ಕಣ್ಣಿಗೆ ಬಿಡುವ ತೊಟ್ಟಿನ ಔಷಧಿ ಬರೆದುಕೊಟ್ಟು, ಸೂಜಿಯ ಮೇಲಿಂದ ಆಗಾಗ ದೂರಕ್ಕೆ ನೋಡಲು ಹೇಳಿ, ಕೊನೆಗೆ, ಆಡುವಾಗ ರೆಪ್ಪೆ ಹೊಡೆಯುವುದನ್ನು ಯಾರಾದರೂ ಎಣಿಸಲಿ ಎಂದರು. ಬೇರೆ ಯಾವ ಎಣ್ಣೆಯೂ ಬೇಡ ಎಂದೂ ಹೇಳಿದರು. ಬೆಟ್ಟಮ್ಮ ಆಗ ಮೇಲೆ ತಿರುಗುತ್ತಿದ್ದ ಫ್ಯಾನನ್ನೇ ನೋಡುತ್ತಿದ್ದಳು.

ಎಣಿಸುವ ಕೆಲಸ ಬೆಟ್ಟಮ್ಮನದೇ ಆಯಿತು. ಅಳಗುಳಿ ಮಣೆ ಆಡುವ ಹುಣಿಸೆಬೀಜಗಳನ್ನು ಮಡಿಲಲ್ಲಿ ಹಾಕಿಕೊಂಡಳು. ರೆಪ್ಪೆಗೊಂದು ಬೀಜ. ಮೊದಲು ಅಡುಗೆಮನೆಯಲ್ಲಿ, ಧನುಶ್ರೀ ಮುದ್ದೆ ತಿರುವುತ್ತ ಮಾತಾಡುತ್ತಿದ್ದಾಗ, ಕುಮಾರ ಫೋನಿನಲ್ಲಿ ಒಂದು ನಿಮಿಷದ ಲೆಕ್ಕ ಹಿಡಿದ. ಹದಿನಾರು ಬೀಜ. ಸಂಜೆ ಅಂಕಣದ ಪಕ್ಕ ಕೂತು ಎಣಿಸಿದಳು. ಅರ್ಧ ನಿಮಿಷದ ಒಂದು ರೈಡಿಗೆ ಒಂದೂ ಇಲ್ಲ. ಹತ್ತು ರೈಡಿಗೆ ಸೇರಿ ಮೂರು.

"ಅಯ್ಯೋ ನನ್ ಕೂಸೇ, ಗೊಂಬೆ ಕಣ್ಗಾದ್ರೂ ಬಣ್ಣ ಬಳ್ದಿರ್ತಾರೆ, ಒಣಗಕಿಲ್ಲ," ಎಂದಳು.

ಗೊತ್ತಾದ ಮೇಲೆ ಸರಿಹೋಗಬೇಕಿತ್ತಲ್ಲ, ಹೋಗಲಿಲ್ಲ. ಧನುಶ್ರೀ ನೆನಪು ಮಾಡಿಕೊಂಡು ರೆಪ್ಪೆ ಹೊಡೆಯಲು ಹೋದರೆ ಸರಿಯಾಗಿ ಅದೇ ಕ್ಷಣಕ್ಕೆ ಅಭ್ಯಾಸಕ್ಕೆ ರೈಡು ಮಾಡುತ್ತಿದ್ದ ತನ್ನದೇ ತಂಡದ ಮೇಘನ ಬಂದು ಹೆಗಲು ತಟ್ಟಿ ಹೋಗಿಬಿಡುತ್ತಿದ್ದಳು. ಒಂದು ಸಂಜೆ ನಾಲ್ಕು ಸಲ ಔಟಾದಳು.

"ಅಕ್ಕ, ನಿದ್ದೆ ಬಂದ್ರೆ ಮನೆಗೋಗು," ಎಂದಳು ಮೇಘನ.

ಮೇಷ್ಟ್ರು ಅಷ್ಟಕ್ಕೆ ಬಿಡಲಿಲ್ಲ. "ಇದು ಕಣ್ಣಾಮುಚ್ಚಾಲೆ ಅಲ್ಲ ಕನವ್ವಾ. ಕೆ.ಆರ್. ಪೇಟೆ ಪಂದ್ಯಕ್ಕೆ ಎರಡೇ ವಾರ ಅದೆ. ಎಡ ಕಾರ್ನರ್‌ಗೆ ಬೇರೆಯವ್ರನ್ನ ನೋಡ್ತೀನಿ."

ಧನುಶ್ರೀ ಮನೆಗೆ ಬಂದು ಟ್ರ್ಯಾಕ್ ಪ್ಯಾಂಟು ಒಗೆದು ಒಣಹಾಕಿದಳು. ಮಾರನೇ ಸಂಜೆ ಅದನ್ನು ತೆಗೆದುಕೊಳ್ಳಲಿಲ್ಲ. ಕಣ್ಣು ಉಳಿಯಿತು, ಆಟ ಹೋಯಿತು, ಇಷ್ಟಕ್ಕೇ ಸಮಾಧಾನ ಮಾಡಿಕೊಳ್ಳೋಣ ಎಂದು ಅಕ್ಕಿ ಆರಿಸುತ್ತ ಕೂತಳು. ಬೆಟ್ಟಮ್ಮ ಮಾತ್ರ ಮೊಮ್ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಅಂಕಣಕ್ಕೆ ಹೋದಳು. ಮೂರು ಸಂಜೆ ಹೋದಳು. ಈಗ ಅವಳು ನೋಡುತ್ತಿದ್ದುದು ರೈಡಿಗೆ ಬರುವವರನ್ನು.

ನಾಲ್ಕನೇ ಸಂಜೆ ಸೊಸೆಯ ಕೈ ಹಿಡಿದುಕೊಂಡೇ ಹೋಗಿ ಮೇಷ್ಟ್ರ ಮುಂದೆ ನಿಂತಳು.

"ಮೇಷ್ಟ್ರೇ, ಒಂದ್ ಮಾತು ಕೇಳ್ತೀನಿ. ಬರೋಳು ಕಬಡ್ಡಿ ಕಬಡ್ಡಿ ಅಂತ ನಡುಗೆರೆ ದಾಟ್ತಾಳಲ್ಲ, ಆಗ ಅವ್ಳ ಕೈ ಇವ್ಳಿಗೆ ಎಟುಕ್ತದಾ?"

"ಅಲ್ಲಿಂದ ಎಲ್ಲಿ ಎಟುಕ್ತದೆ? ಇನ್ನೂ ಎರಡು ಮಾರು ಬರ್ಬೇಕು."

"ಆಮೇಲೆ ಬಲಗಡೆ ತುದಿಗೆ ಓಯ್ತಾಳಲ್ಲ, ಅಲ್ಲಿ ಕಾಲು ಚಾಚ್ತಾಳೆ. ಆಗ ಎಡಗಡೆ ಇರೋ ಇವ್ಳು ಕಣ್ಣು ಅಗಲಿಸ್ಕೊಂಡು ಯಾರ್ನ ಎದ್ರಿಸ್ಬೇಕು?"

ಮೇಷ್ಟ್ರು ಅಂಕಣದ ಬಲ ತುದಿಯ ಕಡೆ ತಿರುಗಿ ನೋಡಿದರು.

"ಬಂದಾಗ ಒಂದ್ಸಲ, ಅತ್ಲಾಗೆ ಓದಾಗ ಒಂದ್ಸಲ, ಪೂರ್ತಿ ಮುಚ್ಚಿ ತೆಗೀಲಿ. ಇತ್ಲಾಗೆ ತಿರುಗೋ ಒತ್ಗೆ ಕಣ್ಣು ತೊಳ್ದಂಗಿರ್ತದೆ. ನಾನು ಮೂರು ಸಂಜೆ ನೋಡಿವ್ನಿ. ಪ್ರತಿ ರೈಡಲ್ಲೂ ಅಷ್ಟು ಪುರಸೊತ್ತು ಅದೆ."

"ಇಪ್ಪತ್ತೆರಡು ವರ್ಷ ಕಲಿಸಿವ್ನಿ ಬೆಟ್ಟಮ್ಮಾ."

"ಅದ್ಕೇ ನಿಮ್ತಾವ್ಲೇ ಬಂದಿರೋದು. ಬೇರೆಯವ್ರಾಗಿದ್ರೆ ಬೈದ್ಬುಟ್ಟು ಓಯ್ತಿದ್ದೆ."

ಚಿಕ್ಕಸ್ವಾಮಿ ಮೇಷ್ಟ್ರು ಹಟದ ಮನುಷ್ಯ, ಆದರೆ ಆಟದ ಮನುಷ್ಯ. ಪಂಚೆ ಎತ್ತಿ ಕಟ್ಟಿ ತಾವೇ ಎಡ ಕಾರ್ನರ್‌ಗೆ ಹೋಗಿ ನಿಂತರು. ಮೇಘನ ರೈಡಿಗೆ ಬಂದಳು. ಮೊದಲ ಸಲ ಅವರು ರೆಪ್ಪೆ ಹೊಡೆಯದೆ ನೋಡಿದರು, ಕಣ್ಣಲ್ಲಿ ನೀರು ಬಂತು. ಎರಡನೇ ಸಲ ಬೆಟ್ಟಮ್ಮ ಹೇಳಿದಂತೆ ಹೊಡೆದರು. ಮೂರನೇ ಸಲ ಮತ್ತೆ ಹಾಗೇ ಮಾಡಿ, ಅರವತ್ತನಾಲ್ಕು ವರ್ಷದ ಮೊಣಕಾಲು ಹಿಡಿದುಕೊಂಡು ಎದ್ದು ಬಂದರು.

"ಕಾಲು ಕಾಣ್ತದೆ," ಎಂದರು. "ನಿಂತ್ಕೊ ಓಗಮ್ಮಿ."

ಹತ್ತು ದಿನ ಅದೇ ಅಭ್ಯಾಸ. ಎದುರುಬದುರು ಕೂರುವುದು ನಿಂತುಹೋಯಿತು. ಧನುಶ್ರೀ ಬಸ್ಸಿನಲ್ಲಿ ಕೂತು ಅಭ್ಯಾಸ ಮಾಡಿದಳು, ಕಾಲರ್ ತಿರುಗಿಸುವ ಪ್ರತಿಸಲವೂ ಮಾಡಿದಳು. ಮೊದಮೊದಲು ಅರ್ಧಕ್ಕೇ ತೆರೆದುಕೊಳ್ಳುತ್ತಿದ್ದ ರೆಪ್ಪೆ ಮೆಲ್ಲಗೆ ಪೂರ್ತಿ ಮುಚ್ಚಲು ಕಲಿಯಿತು.

ಕೆ.ಆರ್. ಪೇಟೆಯಲ್ಲಿ ಭಾನುವಾರ ಬಿಸಿಲು, ಗಾಳಿ, ದೂಳು. ಮೊದಲ ಪಂದ್ಯದ ಮೊದಲ ರೈಡಿನಲ್ಲೇ ಧನುಶ್ರೀ ಗಾಬರಿಯಲ್ಲಿ ತಪ್ಪು ಹೊತ್ತಿಗೆ ರೆಪ್ಪೆ ಹೊಡೆದು ಔಟಾದಳು. ಅಂಕಣದ ಹೊರಗೆ ಕೂತಾಗ ಹೆಂಗಸರ ಗುಂಪಿನಲ್ಲಿದ್ದ ಬೆಟ್ಟಮ್ಮ ತಾನೇ ಒಂದು ಸಲ ಕಣ್ಣನ್ನು ಗಟ್ಟಿಯಾಗಿ ಮುಚ್ಚಿ ತೆರೆದು ತೋರಿಸಿದಳು. ಮತ್ತೆ ಒಳಗೆ ಹೋದವಳು ತಪ್ಪಲಿಲ್ಲ. ಎರಡನೇ ಅರ್ಧ ಬಂತು. ಮಂಜು ಬರುವ ಹೊತ್ತು ಬಂತು. ಧನುಶ್ರೀ ಕಾದಳು. ಬಿಳಿಗೆರೆ ಬಿಳಿಯಾಗಿಯೇ ಇತ್ತು. ಪಾದ ಒಂದೇ ಇತ್ತು. ಊರಿದ ಕ್ಷಣಕ್ಕೆ ಹಿಡಿದಳು. ಆ ಪಂದ್ಯ ಗೆದ್ದರು.

ಫೈನಲ್ಲಿನಲ್ಲಿ ನಾಗಮಂಗಲದವರ ಎದುರು ಒಂದೇ ಪಾಯಿಂಟಿನಿಂದ ಸೋತರು. ಕೊನೆಯ ರೈಡು ಮಾಡಿದ ಉದ್ದನೆಯ ಹುಡುಗಿ ಧನುಶ್ರೀ ಕಡೆ ಕಾಲು ಚಾಚುವಂತೆ ಮಾಡಿ, ಅವಳ ಪಕ್ಕದಲ್ಲಿದ್ದವಳನ್ನು ಕೈಯಲ್ಲಿ ಮುಟ್ಟಿಕೊಂಡು ಹಾರಿಹೋದಳು.

ವಾಪಸು ಬರುವ ಟೆಂಪೋವನ್ನು ಟೀ ಅಂಗಡಿಯ ಮುಂದೆ ನಿಲ್ಲಿಸಿದಾಗ ಧನುಶ್ರೀ ಮೇಷ್ಟ್ರ ಹತ್ತಿರ ಬಂದಳು.

"ಮೇಷ್ಟ್ರೇ, ಆ ಉದ್ದನೆ ಹುಡ್ಗಿ ಸುಳ್ಳು ಕಾಲು ಹಾಕೋಕೆ ಮುಂಚೆ ಊರಿರೋ ಕಾಲಿನ ಹಿಮ್ಮಡಿ ಒಳಕ್ಕೆ ತಿರುಗ್ಸ್ತಾಳೆ. ನಿಜ್ವಾಗ್ಲೂ ಚಾಚೋವಾಗ ತಿರುಗ್ಸಲ್ಲ. ನಾಕು ಸಲ ನೋಡ್ದೆ. ಕೊನೇದ್ರಲ್ಲೂ ಹಂಗೇ ಮಾಡುದ್ಲು. ನನ್ಗೆ ಅರ್ಥ ಆಗೋ ಒತ್ಗೆ ಓಗ್ಬುಟ್ಟಿದ್ಲು."

"ಅಷ್ಟು ಕಾಣಿಸ್ತಾ ನಿನ್ಗೆ, ಕೊನೇ ನಿಮಿಷ್ದಲ್ಲಿ?"

"ಎಂಗೆ ಸೋತ್ವಿ ಅಂತ ಪೂರ್ತಿ ಕಾಣಿಸ್ತು."

ಮೇಷ್ಟ್ರು ಟೀ ಲೋಟ ಬೆಂಚಿನ ಮೇಲಿಟ್ಟು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಧನುಶ್ರೀ ಚಪ್ಪಲಿ ಬಿಟ್ಟು, ರಸ್ತೆ ಬದಿಯ ಮಣ್ಣಿನಲ್ಲಿ ಎಡಗಾಲು ಊರಿ, ಹಿಮ್ಮಡಿಯನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿದಳು. ಹುಡುಗಿಯರು ಟೆಂಪೋದಿಂದ ಇಳಿದು ಸುತ್ತ ನಿಂತರು.

"ತಿರ್ಗಾ ಮಾಡು," ಎಂದರು ಮೇಷ್ಟ್ರು ಕುಕ್ಕರಗಾಲಲ್ಲಿ ಕೂರುತ್ತ. "ನಿಧಾನಕ್ಕೆ. ಎಲ್ರೂ ನೋಡ್ಲಿ."