ಬೋರಲು ಬಿದ್ದ ಬಳ್ಳೊಳ್ಳಿ

ಅಕ್ಷತಾ, ಕಾವ್ಯಾ,

ನಿನ್ನೆ ಸಂಜೆ ನೀವಿಬ್ಬರೂ ಮಾಳಿಗೆಯ ಮೇಲೆ ಬಣ್ಣದ ಖಾಲಿ ಬಕೆಟ್‌ಗಳಿಗೆ ಮಣ್ಣು ತುಂಬುತ್ತಿದ್ದಿರಿ. ನಾನು ಮೆಟ್ಟಿಲ ಹತ್ತಿರ ಕುರ್ಚಿ ಹಾಕಿಕೊಂಡು ಬಳ್ಳೊಳ್ಳಿ ಬಿಡಿಸುತ್ತಿದ್ದೆ. ಪುಸ್ತಕದಲ್ಲಿ ಬೆಳ್ಳುಳ್ಳಿ ಎಂದು ಬರೆಯುತ್ತಾರೆ, ಗೊತ್ತು. ನನ್ನ ಬಾಯಿಗೂ ಕೈಗೂ ಅದು ಬಳ್ಳೊಳ್ಳಿಯೇ. ಕಾವ್ಯಾ ಒಂದು ಎಸಳನ್ನು ಎತ್ತಿ ಹಿಡಿದು, ಓಣಿಗೆಲ್ಲ ಕೇಳಿಸುವಂತೆ, "ಅಜ್ಜಿ, ಇದರಾಗ ತಲಿ ಯಾವುದು, ಕಾಲು ಯಾವುದು?" ಎಂದಳು.

ನಾನು ನಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಬಳ್ಳೊಳ್ಳಿ ಖಾರ ಎಂದು ಸುಳ್ಳು ಹೇಳಿ ಸೆರಗಿನಿಂದ ಒರೆಸಿಕೊಂಡೆ. ನಿಜ ಏನೆಂದರೆ, ಅದೇ ಒಂದು ಪ್ರಶ್ನೆಯನ್ನು ಕೇಳಲಾರದೆ ನಾನು ಒಂದು ಚಳಿಗಾಲವೆಲ್ಲ ಒದ್ದಾಡಿದವಳು. ಎದುರು ಕೂತು ಹೇಳಲು ಈಗಲೂ ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ. ಊರ ಸಾಲಿಯಲ್ಲಿ ಏಳನೇ ತರಗತಿಗೆ ನಿಂತ ಅಕ್ಷರ, ತಪ್ಪಿದ್ದರೆ ತಿದ್ದಿಕೊಳ್ಳಿ.

ನನ್ನ ತವರು ಕುರುಗೋಡು. ನಮ್ಮ ಮನೆಯ ಹಿಂದೆ ಹಿತ್ತಲು ಇರಲಿಲ್ಲ, ಬಂಡೆ ಇತ್ತು. ಸಂಡಿಗೆ ಒಣಗಿಸಲು ಅಂಥ ಬಂಡೆ ಮತ್ತೆಲ್ಲೂ ಕಂಡಿಲ್ಲ, ಅದು ಬೇರೆ ಮಾತು. ಬಳ್ಳೊಳ್ಳಿ ಸಂತೆಯಿಂದ ಬರುತ್ತಿತ್ತು. ಮಣ್ಣಿನೊಳಗೆ ಅದು ಹೇಗೆ ಕೂತಿರುತ್ತದೆ ಎಂದು ಯೋಚಿಸುವ ಪ್ರಸಂಗವೇ ನಮಗೆ ಬಂದಿರಲಿಲ್ಲ. ಮದುವೆಯಾಗಿ ಸಿರುಗುಪ್ಪಕ್ಕೆ ಬಂದರೆ ಅಲ್ಲಿ ಹಿತ್ತಲೆಂದರೆ ಹಿತ್ತಲು: ಕಪ್ಪು ಮಣ್ಣು, ಒಂದು ನುಗ್ಗೆ ಗಿಡ, ಬಚ್ಚಲ ನೀರು ಕುಡಿಯುವ ಬಾಳೆ, ನಡುವೆ ನಮ್ಮ ಅತ್ತೆಯ ಎರಡು ಬಳ್ಳೊಳ್ಳಿ ಮಡಿ. ಸಗಣಿ ಗೊಬ್ಬರ, ಒಲೆಯ ಬೂದಿ ಕಲಸಿ ಕೈಯಲ್ಲೇ ಪುಡಿ ಮಾಡಿದ ಆ ಮಣ್ಣು ಹಿಟ್ಟಿನ ಹಾಗಿರುತ್ತಿತ್ತು.

ಆ ವರ್ಷ ಅತ್ತೆಯ ಮಗಳು, ಅಂದರೆ ನಿಮ್ಮ ತಾತನ ತಂಗಿ, ಚೊಚ್ಚಲ ಬಸುರಿ. ರಾರಾವಿಗೆ ಕೊಟ್ಟಿದ್ದರು. ಯುಗಾದಿಯ ಹೊತ್ತಿಗೆ ಹೆರಿಗೆ. ಬಾಣಂತಿಗೆ ಮೂರು ತಿಂಗಳು ದಿನಾಲೂ ತುಪ್ಪದಲ್ಲಿ ಹುರಿದ ಬಳ್ಳೊಳ್ಳಿ ಬೇಕು, ಅದೂ ಸ್ವಂತ ಹಿತ್ತಲದ್ದೇ ಆಗಬೇಕು. ಅಂಗಡಿಯದನ್ನು ತಿಂದ ತಾಯಿಯ ಹಾಲು ಕೂಸಿನ ಮೈಗೆ ಹತ್ತುವುದಿಲ್ಲ ಎಂಬುದು ಅತ್ತೆಯ ನಂಬಿಕೆ. ಎರಡು ಮಡಿ ಬಂದರೆ ಬಾಣಂತನಕ್ಕೆ ಸರಿಹೋಗುತ್ತದೆ. ಒಂದು ಕೆಟ್ಟರೆ ಮಗಳಿಗೆ ಅಂಗಡಿಯದೇ ಗತಿ.

ದೀಪಾವಳಿ ಮುಗಿದಿತ್ತು. ಐದನೇ ತಿಂಗಳಲ್ಲಿ ಗದ್ದಲವಿಲ್ಲದೆ ಉಡಿ ತುಂಬುವ ಕಳ್ಳ ಕುಬಸಕ್ಕೆ ಅತ್ತೆ ರಾರಾವಿಗೆ ಹೊರಟರು. ಹೊರಡುವಾಗ, "ಒಂದು ಮಡಿ ನಾ ಹಚ್ಚೀನಿ, ಇನ್ನೊಂದು ನೀ ಹಚ್ಚಿ ಮುಗಿಸು. ನಾಲ್ಕು ಬೆರಳು ಅಂತರ ಇರ್ಲಿ. ತಿಳೀತಿಲ್ಲೋ?" ಎಂದರು. ನಾನು ತಲೆಯಾಡಿಸಿದೆ. ಆಗ ನನ್ನ ಮಾತೆಲ್ಲ ತಲೆಯಿಂದಲೇ ನಡೆಯುತ್ತಿತ್ತು.

ಅವರು ಎಸಳು ಊರಿ ಹಚ್ಚುವಾಗ ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ, ನೋಡಿರಲಿಲ್ಲ. ಎಸಳಿಗೆ ಒಂದು ತುದಿ ಚೂಪು, ಒಂದು ತುದಿ ಚಪ್ಪಟೆ. ಯಾವುದು ಕೆಳಗೆ? ಕಟ್ಟೆಯ ಮೇಲೆ ಮಾವನವರು ಕೂತಿದ್ದರು. ಹೊಸ ಸೊಸೆ ಅವರೆದುರು ನಿಂತು ಬಳ್ಳೊಳ್ಳಿಯ ತಲೆ ಯಾವುದು ಎಂದು ಕೇಳುವುದೇ? ನಿಮ್ಮ ತಾತನನ್ನು ಹಗಲು ಹೊತ್ತಿನಲ್ಲಿ ಮಾತಾಡಿಸುವುದೇ ನಾಚಿಕೆ. ಕೊನೆಗೆ ನನ್ನ ಬುದ್ಧಿಯನ್ನೇ ಕೇಳಿದೆ. ಚೂಪಾದದ್ದು ಒಳಗೆ ಇಳಿಯಬೇಕು ಎಂದಿತು ಅದು. ಇಡೀ ಮಡಿಯನ್ನು ಹಾಗೇ ಹಚ್ಚಿದೆ, ಗೆರೆ ಎಳೆದಂಥ ಸಾಲು. ಎದ್ದು ನಿಂತು ನೋಡಿ ಹೆಮ್ಮೆಯನ್ನೂ ಪಟ್ಟೆ.

ಎಂಟು ದಿನಕ್ಕೆ ಅತ್ತೆಯ ಮಡಿ ಹಸಿರಾಯಿತು. ನನ್ನದು ಬರೀ ಮಣ್ಣು. ಹನ್ನೆರಡು ದಿನವಾದರೂ ಅಷ್ಟೇ. ರಾರಾವಿಯಿಂದ ಬಂದ ಅತ್ತೆ ದಿನಾ ಎರಡೂ ಮಡಿಗೆ ನೀರು ಹಾಯಿಸಿ ಒಳಗೆ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಹಿತ್ತಲಿಗೆ ಹೋಗಿ, ತಲೆಕೆಳಗೆ ಹಚ್ಚಿದೆನೇನೋ ಎಂಬ ಅನುಮಾನಕ್ಕೆ ಒಂದೊಂದೇ ಎಸಳು ಕಿತ್ತು ತಿರುಗಿಸಿ ಹಚ್ಚತೊಡಗಿದೆ. ಎರಡು ಸಾಲು ಆಗಿತ್ತು.

"ಏನು ಮಾಡಾಕತ್ತೀಯವ್ವಾ?"

ಹಿಂದೆ ಅತ್ತೆ. ನನ್ನ ಕೈ ತುಂಬ ಕೆಸರು. ಅವರು ಕುಕ್ಕರಗಾಲಲ್ಲಿ ಕೂತು, ಕೀಳದೆ ಉಳಿದಿದ್ದ ಒಂದು ಎಸಳಿನ ಸುತ್ತ ಬೆರಳಿನಿಂದ ಮಣ್ಣು ಸರಿಸಿದರು. ಮೊಳಕೆ ಕೆಳಗಿನಿಂದ ಹೊರಟು, ಎಸಳಿನ ಪಕ್ಕಕ್ಕೆ ಬಳಸಿ ಬಂದು, ಮೇಲಕ್ಕೆ ಕತ್ತು ಎತ್ತಿತ್ತು.

"ಯಾಕ ಹಿಂಗ ಹಚ್ಚೀದಿ?"

"ಚೂಪು ಇದ್ದದ್ದು ಒಳಗ ಹೋಗತೈತಿ ಅನಕೊಂಡೆನ್ರಿ."

"ಮೊಳಿ ಬಡಿದಂಗ?"

ತಲೆಯಾಡಿಸಿದೆ.

"ಕೇಳಾಕ ಏನಾಗಿತ್ತು?"

"ನಾಚಿಕಿ ಬಂತ್ರಿ."

"ನಾಚಿಕಿ ಬಂದದ್ದು ನಿನಗ, ಬೋರಲು ಬಿದ್ದದ್ದು ಇವು," ಎಂದರು ಅತ್ತೆ. ಅವರ ಹೆಗಲು ಅಲುಗಾಡುತ್ತಿತ್ತು. ಬೈಯುತ್ತಾರೆ ಎಂದು ಕಾದಿದ್ದೆ, ನೋಡಿದರೆ ನಗುತ್ತಿದ್ದರು. ಆಮೇಲೆ ನನ್ನ ಕೈ ಹಿಡಿದು ಮಣ್ಣಿನಿಂದ ಬಿಡಿಸಿದರು. "ಬಿಡು, ಇನ್ನ ಕೀಳಬ್ಯಾಡ. ಬೇರು ಹಿಡದಾವು, ಕಿತ್ತರ ಸಾಯ್ತಾವು. ತಾವ ಹೊಳ್ಳಿಕೊಂಡು ಬರ್ತಾವು. ತಡಾ ಆಗತೈತಿ, ಅಷ್ಟ."

ನಾನು ತಿರುಗಿಸಿದ ಎರಡು ಸಾಲು ಒಣಗಿಹೋದವು. ಮುಟ್ಟದೆ ಬಿಟ್ಟವು ತಾವೇ ತಿರುಗಿಕೊಂಡು, ನಿಧಾನಕ್ಕೆ, ಸೊಟ್ಟ ಕತ್ತಿನಿಂದ, ಒಂದೊಂದಾಗಿ ಹೊರಬಂದವು.

ಪಕ್ಕದ ಮನೆಯ ರಂಗಮ್ಮ ಗೋಡೆಯ ಮೇಲಿಂದ ನೋಡದೆ ಬಿಡುತ್ತಾಳೆಯೇ? "ಏಮಮ್ಮಾ, ಒಂದು ಮಡಿ ಎದ್ದು ಕುಂತೈತಿ, ಒಂದು ಇನ್ನೂ ನಿದ್ದಿಗಣ್ಣಾಗ ಐತಿ. ಸೊಸಿ ಹಚ್ಚಿದ್ದೇನು?"

"ಹೌದು. ಅದು ಕುರುಗೋಡಿನ ಪದ್ಧತಿ," ಎಂದರು ಅತ್ತೆ, ತಲೆ ಎತ್ತದೆ. "ತಡಾ ಬರತೈತಿ, ಖಾರ ಜಾಸ್ತಿ."

ರಂಗಮ್ಮ ನಂಬಿದಳು. ಮರುವರ್ಷ ಬೀಜ ಹಿಡಿದುಕೊಂಡು ಆ ಪದ್ಧತಿ ಕಲಿಯಲು ಬಂದೇಬಿಟ್ಟಳು. "ಅಕೀನ್ನ ಕೇಳು, ಅಕೀನ ಹೇಳ್ತಾಳ," ಎಂದು ಅತ್ತೆ ಒಳಗೆ ಹೋದರು. ಚೂಪು ಮೇಲೆ ಮಾಡಿ ಹಚ್ಚಿರಿ ಎಂದು ಹೇಳುವಷ್ಟರಲ್ಲಿ ನನ್ನ ಮುಖ ಬೆವರಿತ್ತು. ಒಳಗಿನಿಂದ ಅತ್ತೆ ಕೆಮ್ಮುವುದು ಕೇಳಿಸಿತು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಿತ್ತು.

ಶಿವರಾತ್ರಿಯ ಹೊತ್ತಿಗೆ ಎಲೆ ಹಳದಿಯಾಗಿ ವಾಲಿದವು, ನೀರು ನಿಲ್ಲಿಸಿದೆವು. ಮಣ್ಣು ಒಣಗಿದ ಮೇಲೆ ಕಿತ್ತು, ನೆರಳಿಗೆ ಹರವಿದೆವು. ಅತ್ತೆಯವು ಜಡೆ ಹೆಣೆಸಿಕೊಂಡು ಅಡಿಗೆಮನೆಯ ತೊಲೆಗೆ ನೇತುಬಿದ್ದವು. ನನ್ನವು ಗಡ್ಡೆ ಸಣ್ಣ, ಕತ್ತು ಡೊಂಕು, ಜಡೆಗೆ ಸಿಗಲೊಲ್ಲವು; ಬುಟ್ಟಿಗೆ ಹಾಕಿದೆವು.

ಮಗಳು ತವರಿಗೆ ಬಂದು ಯುಗಾದಿಗೆ ಹೆತ್ತಳು. ಎರಡು ತಿಂಗಳಿಗೆ ತೊಲೆ ಖಾಲಿಯಾಯಿತು. ಬುಟ್ಟಿಗೆ ಕೈ ಹಾಕಿದ ದಿನದಿಂದ ನಾನು ಪ್ರತಿ ಬೆಳಿಗ್ಗೆ ಅದರೊಳಗೆ ಇಣುಕಿ ನೋಡುತ್ತಿದ್ದೆ. "ಯವ್ವಾ, ಇವ್ಯಾಕ ಇಷ್ಟು ಡೊಂಕು?" ಎಂದು ಬಾಣಂತಿ ಕೇಳಿದರೆ ಅತ್ತೆ, "ಬಾಯಾಗ ಹೋದ ಮ್ಯಾಲ ಎಲ್ಲಾ ನೆಟ್ಟಗ ಆಗತಾವು, ತಿನ್ನು," ಎನ್ನುತ್ತಿದ್ದರು. ಮೂರು ತಿಂಗಳು ತುಂಬಿ ಮಗಳು ಕೂಸನ್ನೆತ್ತಿಕೊಂಡು ರಾರಾವಿಗೆ ಹೊರಟ ದಿನ ಬುಟ್ಟಿಯಲ್ಲಿ ಇನ್ನೂ ಏಳು ಗಡ್ಡೆ ಇದ್ದವು. ಅಂಗಡಿಯ ಬಳ್ಳೊಳ್ಳಿ ಆ ಒಲೆ ಹತ್ತಲಿಲ್ಲ.

ಅತ್ತೆ ಆ ಏಳನ್ನೂ ಬಟ್ಟೆಯಲ್ಲಿ ಬೀಜಕ್ಕೆ ಕಟ್ಟಿದರು. ಡೊಂಕು ಬೀಜ ಯಾಕ್ರಿ ಎಂದು ಕೇಳಿದೆ. ಆಗ ಕೇಳಲು ಕಲಿತಿದ್ದೆ.

"ಹಚ್ಚಿದ್ದು ಡೊಂಕು. ಬೀಜ ಏನು ಮಾಡೈತಿ ಪಾಪ?"

ಮರುವರ್ಷ ಅವು ನೆಟ್ಟಗೇ ಬಂದವು. ಅಲ್ಲಿಂದ ಪ್ರತಿ ವರ್ಷ ಹಚ್ಚಿದ್ದೇವೆ, ಬೀಜಕ್ಕೆ ತೆಗೆದಿದ್ದೇವೆ. ನಿಮ್ಮ ತಾತ ಹೋದ ಮೇಲೆ ಬಳ್ಳಾರಿಗೆ ಬರುವಾಗ ನನ್ನ ಸೀರೆಗಳ ನಡುವೆ ಆ ಗಂಟೂ ಬಂತು. ನಿನ್ನೆ ನಿಮ್ಮ ಬಕೆಟ್‌ಗಳಿಗೆ ಇಳಿದದ್ದು ಅದೇ ಬಳ್ಳೊಳ್ಳಿ. ಅಕ್ಷತಾ, ಮೊನ್ನೆ ನಿನ್ನ ಕಳ್ಳ ಕುಬಸ ಆಯಿತಲ್ಲ. ಸುಲಿದ ಬಳ್ಳೊಳ್ಳಿ ಅಂಗಡಿಯಲ್ಲೇ ಸಿಗುವಾಗ ಇದೆಲ್ಲ ಯಾಕೆ ಎಂದೆ ನೀನು. ಯಾಕೆ ಎಂಬುದಕ್ಕೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ.

ನೀವು ಕೆಳಗೆ ಹೋದ ಮೇಲೆ ಕೊನೆಯ ಬಕೆಟ್‌ನಲ್ಲಿ ನಾಲ್ಕು ಎಸಳನ್ನು ನಾನೇ ಬೋರಲು ಹಚ್ಚಿದೆ, ಬೇಕೆಂದೇ. ಉಳಿದವೆಲ್ಲ ಎದ್ದರೂ ಅವು ಬೇಗ ಏಳುವುದಿಲ್ಲ. ಕೆದಕಬೇಡಿ. ಹೊಳ್ಳಿಕೊಂಡು ಬರುತ್ತವೆ.

ಈ ಹಾಳೆಗಳನ್ನು ಕಪಾಟಿನಲ್ಲಿ ಇಡುವುದು ಬೇಡ, ಬೀಜದ ಗಂಟಿನೊಳಗೇ ಇಡಿ. ವಾಸನೆ ಹಿಡಿಯುತ್ತದೆ, ಹಿಡಿಯಲಿ. ವರ್ಷಕ್ಕೊಮ್ಮೆ ಗಂಟು ಬಿಚ್ಚುವವರ ಕೈಗೆ ಸಿಕ್ಕರೆ ಸಾಕು. ಜೋಪಾನ ಮಾಡಿರವ್ವಾ.