ಪೂಜೆಗಿಟ್ಟ ಬುಜೂಕಿ

ಅಕ್ಕನ ವೀಣೆ ನಮ್ಮ ಮನೆಯಿಂದ ಹೋಗಿದ್ದು ನನ್ನ ಬುದ್ಧಿವಂತಿಕೆಯಿಂದ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಮುಂದೆ ಬರೆಯುವುದೆಲ್ಲ ಕಾಯಿಲೆಯ ಮೇಲೋ, ಗ್ರೀಸ್ ದೇಶದ ಒಂದು ವಾದ್ಯದ ಮೇಲೋ ತಪ್ಪು ಹೊರಿಸಿ ನಾನು ಜಾರಿಕೊಂಡಂತೆ ಕೇಳಿಸೀತು.

ಕೋಲ್ಕತ್ತದ ಲೇಕ್ ಗಾರ್ಡನ್ಸ್‌ನಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಅದರಲ್ಲಿ ನಾವಿಬ್ಬರೇ. ಅಪ್ಪ ಕೇಂದ್ರ ಸರ್ಕಾರದ ನೌಕರಿಗೆಂದು ಮೈಸೂರಿನಿಂದ ಬಂದವರು. ಅವರೂ ಅಮ್ಮನೂ ತೀರಿಕೊಂಡ ಮೇಲೂ ನಾವು ಇಲ್ಲೇ ಉಳಿದೆವು. ಅಕ್ಕ ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು, ಮದುವೆಯಾಗಲಿಲ್ಲ. ಲೇಕ್ ಮಾರ್ಕೆಟ್ ಸುತ್ತಮುತ್ತಲಿನ ದಕ್ಷಿಣ ಭಾರತದ ಕಡೆಯವರ ಮಕ್ಕಳಿಗೆ ವೀಣೆ ಹೇಳಿಕೊಡುತ್ತಿದ್ದಳು. ನಾನು ಸಾಲ್ಟ್ ಲೇಕಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ.

"ಅದಕ್ಕೆ ಸಂಬಳ ಬೇರೆ ಕೊಡ್ತಾರೇನೇ? ಮನೇಲಿ ಬಿಟ್ಟಿಯಾಗೇ ಮಾಡ್ತೀಯಲ್ಲ," ಎಂದು ಅಕ್ಕ ಛೇಡಿಸುತ್ತಿದ್ದಳು.

ಅವಳ ಎಡಗೈ ಗೆಣ್ಣುಗಳು ಊದಿಕೊಳ್ಳತೊಡಗಿದಾಗ ಇಬ್ಬರೂ ಬಟ್ಟೆ ಒಗೆದದ್ದು ಹೆಚ್ಚಾಯಿತು ಅಂದುಕೊಂಡೆವು. ಡಾಕ್ಟರು ಸಂಧಿವಾತ ಎಂದರು. ಬೆಳಿಗ್ಗೆ ಎದ್ದರೆ ಡಬ್ಬದ ಮುಚ್ಚಳ ತೆಗೆಯಲು ಆಗುತ್ತಿರಲಿಲ್ಲ. ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿ ಕೂತರೆ ಒಂಬತ್ತು ಗಂಟೆಯ ಹೊತ್ತಿಗೆ ಬೆರಳು ಒಂದಿಷ್ಟು ಸಡಿಲವಾಗುತ್ತಿದ್ದವು. ವೀಣೆಯಲ್ಲಿ ಬೆರಳನ್ನು ದಂಡಿಯ ಮೆಟ್ಟಿಲ ಮೇಲೆ ಸುಮ್ಮನೆ ಇಟ್ಟರೆ ಸಂಗೀತ ಆಗುವುದಿಲ್ಲ. ತಂತಿಯನ್ನು ಒತ್ತಿ ಪಕ್ಕಕ್ಕೆ ಎಳೆಯಬೇಕು, ಆ ಎಳೆತದಲ್ಲೇ ಸ್ವರವನ್ನು ತೂಗುವ ಗಮಕ ಇರುವುದು. ಅಕ್ಕನಿಗೆ ಎಳೆಯಲು ಆಗಲಿಲ್ಲ. ಕೆಲವು ತಿಂಗಳು ಗಮಕವನ್ನು ಬಾಯಲ್ಲಿ ಹಾಡಿ ತೋರಿಸಿ ಪಾಠ ನಡೆಸಿದಳು. ಮಕ್ಕಳು ತನ್ನ ಕೈಯನ್ನೇ ನೋಡುವುದು ಗೊತ್ತಾದ ಮೇಲೆ ಅದನ್ನು ಸೆರಗಿನೊಳಗೆ ಇಟ್ಟುಕೊಳ್ಳತೊಡಗಿದಳು. ಆಮೇಲೆ ಪಾಠವೇ ನಿಂತಿತು. ವೀಣೆ ಕೋಣೆಯ ಮೂಲೆಯಲ್ಲಿ ಚಾಪೆಯ ಮೇಲೆ ಮಲಗಿತು. ದಿನಾ ಸ್ನಾನವಾದ ಮೇಲೆ ಅದನ್ನು ಮೆತ್ತನೆ ಬಟ್ಟೆಯಿಂದ ಒರೆಸಿ ಮತ್ತೆ ಹೊದಿಸುತ್ತಿದ್ದಳು. ಇದು ಬಿಟ್ಟರೆ ಅವಳು ಖುಷಿಯಿಂದ ಮಾಡುವ ಕೆಲಸ ಯಾವುದೂ ನನಗೆ ಕಾಣುತ್ತಿರಲಿಲ್ಲ.

ಆಗ ನಮ್ಮ ಆಫೀಸಿನಲ್ಲಿ ಗ್ರೀಸಿನ ಒಂದು ಹಡಗು ಕಂಪನಿಯ ಕೆಲಸ ನಡೆಯುತ್ತಿತ್ತು. ಪಕ್ಕದ ಮೇಜಿನ ಬಂಗಾಳಿ ಸಹೋದ್ಯೋಗಿ, ನಾವೆಲ್ಲ ದಾದಾ ಎನ್ನುತ್ತಿದ್ದವರು, ಆರು ತಿಂಗಳು ಅಲ್ಲಿದ್ದು ಬರುವಾಗ ಅಲ್ಲಿಯವರು ಕೊಟ್ಟ ಜಾನಪದ ಹಾಡುಗಳ ಒಂದು ಸಿ.ಡಿ. ತಂದರು. ಅದರ ಹೊದಿಕೆಯ ಮೇಲೆ ಬುಜೂಕಿ ಎಂಬ ಅಲ್ಲಿನ ತಂತಿವಾದ್ಯದ ಚಿತ್ರವಿತ್ತು. ಪೇರ್ ಹಣ್ಣಿನಂಥ ದುಂಡು ಹೊಟ್ಟೆ, ಉದ್ದ ಕುತ್ತಿಗೆ, ಕುತ್ತಿಗೆಯುದ್ದಕ್ಕೂ ಮೆಟ್ಟಿಲುಗಳು. ತಂತಿ ತೆಳು, ಎಳೆಯುವ ಗೋಜಿಲ್ಲ, ಬೆರಳಿಟ್ಟರೆ ಸಾಕು ಎಂದು ದಾದಾ ಹೇಳಿದ ಕೂಡಲೇ ನನ್ನ ತಲೆ ಓಡತೊಡಗಿತು. ನಮ್ಮ ಕೆಲಸದಲ್ಲಿ ಒಂದು ದಾರಿ ಮುಚ್ಚಿದರೆ ಸುತ್ತಿಕೊಂಡು ಹೋಗಲು ಇನ್ನೊಂದನ್ನು ಹುಡುಕಿಕೊಡುವುದು ರೂಢಿ. ಮನುಷ್ಯರ ಕೈಗೂ ಅದು ಸಲ್ಲುತ್ತದೆ ಎಂದು ನಂಬಿದ್ದ ದಡ್ಡಿ ನಾನು.

ಅಕ್ಕ ಆ ಸಿ.ಡಿ.ಯನ್ನು ಎರಡು ಹಾಡಿನವರೆಗೆ ಸಹಿಸಿಕೊಂಡಳು. "ಚೆನ್ನಾಗೇನೋ ಇದೆ. ಮದುವೆ ಮನೇಲಿ ಊಟಕ್ಕೆ ಎಲೆ ಹಾಕೋವಾಗ ಕೇಳೋಕೆ," ಎಂದಳು.

ನಾನು ಬಿಡಲಿಲ್ಲ. ಕುಣಿತದ ಹಾಡಾದರೆ ಅವಳಿಗೆ ಬೇಡ, ಸರಿ. ಆ ವಾದ್ಯ ಹುಟ್ಟಿದ ಊರು ಬಿಟ್ಟು ಬೇರೆಲ್ಲೆಲ್ಲಿ ಹೋಗಿದೆ ಇಂಟರ್ನೆಟ್ಟಿನಲ್ಲಿ ನೋಡೋಣ ಎಂದು ಹೊರಟೆ. ಮೂರು ತಿಂಗಳು ಮಧ್ಯಾಹ್ನದ ಊಟದ ಹೊತ್ತೆಲ್ಲ ಇದೇ ಆಯಿತು. ಒಂದು ಕೈಯಲ್ಲಿ ಡಬ್ಬಿಯ ಚಿತ್ರಾನ್ನ, ಇನ್ನೊಂದು ಕೈಯಲ್ಲಿ ಮೌಸ್. ಐರ್ಲೆಂಡಿನವರು ಅದರ ದುಂಡು ಬೆನ್ನನ್ನು ಚಪ್ಪಟೆ ಮಾಡಿ ತಮ್ಮ ಪಿಟೀಲಿನ ಹಿಂದೆ ಕೂರಿಸಿಕೊಂಡಿದ್ದರು. ಯಾರೋ ಅದಕ್ಕೆ ಕರೆಂಟು ಕೊಟ್ಟು ಡ್ರಮ್ಮಿನ ಜೊತೆ ಕಿರುಚಿಸಿದ್ದರು. ಪಿಯಾನೊ ಜೊತೆ ಜಾಸ್ ನುಡಿಸುವವರಿದ್ದರು. ಎಲ್ಲವನ್ನೂ ಇಳಿಸಿಕೊಂಡು ಸಿ.ಡಿ.ಗೆ ಹಾಕಿ ಮನೆಗೆ ಒಯ್ಯುತ್ತಿದ್ದೆ. ಅಕ್ಕ ಕೇಳಿ, "ಪಾಪ, ಕಷ್ಟಪಟ್ಟಿದಾರೆ," ಎನ್ನುತ್ತಿದ್ದಳು. ಅದು ಅವಳ ಮಟ್ಟಿಗೆ ಬೈಗುಳ.

ಕೊನೆಗೊಂದು ಸಿಕ್ಕಿತು. ಒಂದು ಬುಜೂಕಿ, ಹಿಂದೆ ಎಲ್ಲೋ ದೂರದಲ್ಲಿ ದಪ್ಪ ಸ್ವರದ ಒಂದು ಕಮಾನು ವಾದ್ಯ. ತಾಳವಿಲ್ಲ, ಆತುರವಿಲ್ಲ. ಫೈಲಿನ ಹೆಸರು ಗ್ರೀಕ್ ಲಿಪಿಯಲ್ಲಿ ಇದ್ದಿರಬೇಕು, ನಮ್ಮ ಕಂಪ್ಯೂಟರಿಗೆ ಅದು ಗೊತ್ತಾಗದೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳನ್ನು ತೋರಿಸಿತು. ನುಡಿಸಿದವರು ಯಾರೆಂದು ನನಗೆ ಇವತ್ತಿಗೂ ತಿಳಿಯದು.

ಅಕ್ಕ ಅದನ್ನು ಕಣ್ಣುಮುಚ್ಚಿ ಕೇಳಿದಳು. ಮುಗಿದ ಮೇಲೆ "ಇನ್ನೊಂದ್ಸಲ ಹಾಕು," ಎಂದಳು. ಎರಡನೆಯ ಸಲ ಮುಗಿದಾಗ ಹೇಳಿದಳು: "ಇವನಿಗೂ ಕೈನೋವಿರ್ಬೇಕು ಕಣೆ. ಒಂದು ಸ್ವರಾನೂ ಎಳೀತಿಲ್ಲ ನೋಡು. ಮೀಟ್ತಾನೆ, ಬಿಟ್ಬಿಡ್ತಾನೆ, ಅದು ತಾನಾಗೇ ಅಡಗೋವರ್ಗೂ ಕಾಯ್ತಾನೆ."

ಅಂದಿನಿಂದ ದಿನಾ ಸಂಜೆ ಅದನ್ನು ಕೇಳುತ್ತಿದ್ದಳು. ಕೇಳುತ್ತ ಕೇಳುತ್ತ ಅವಳ ಎಡಗೈ ಸೆರಗಿನಿಂದ ಹೊರಗೆ ಬಂದು ತೊಡೆಯ ಮೇಲೆ ಕೂರುತ್ತಿತ್ತು. ಆ ಕೈಯನ್ನು ಅಷ್ಟು ನಿರಾಳವಾಗಿ ನೋಡಿ ವರ್ಷವಾಗಿತ್ತು. ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು. ಅವಳಿಗೆ ಕೇಳುವುದಷ್ಟೇ ಬೇಕಿತ್ತು, ಅವಳು ಬೇರೇನನ್ನೂ ಕೇಳಿರಲಿಲ್ಲ. ಅವಳು ಮತ್ತೆ ನುಡಿಸಬೇಕು ಎಂಬ ಹಟ ನನ್ನದು.

ದಾದಾ ಎರಡನೆಯ ಬಾರಿ ಗ್ರೀಸಿಗೆ ಹೊರಟಾಗ ಒಂದು ಬುಜೂಕಿ ತಂದುಕೊಡಿ ಎಂದು ಗೋಗರೆದೆ. ಅವರು ಒಪ್ಪಿದರು. ಅದೇ ವಾರ ಅಕ್ಕನ ಹಳೆಯ ಶಿಷ್ಯೆಯ ತಾಯಿ ಮನೆಗೆ ಬಂದರು. ಧಾರವಾಡದ ಕಡೆಯವರು, ಗಂಡ ರೈಲ್ವೆಯಲ್ಲಿ, ಹುಬ್ಬಳ್ಳಿಗೆ ವರ್ಗವಾಗಿತ್ತು.

"ಅಕ್ಕಾರ, ಕೇಳಾಕ ನನಗ ನಾಚಿಕಿ ಆಗತೈತಿ. ನಿಮ್ಮ ಕೈಯಾಗ ಆಡಿದ ವೀಣಿ ನಮ್ಮ ಮನಿಗೆ ಬಂದ್ರ ಹುಡುಗಿ ಕಲಿಯೂದು ಬಿಡೂದಿಲ್ರಿ," ಎಂದರು.

ಅಕ್ಕ ನನ್ನ ಮುಖ ನೋಡಿದಳು. ಬೇಡ ಅನ್ನು ಎಂದು ಕೇಳುವ ನೋಟ ಅದು. ಆಗ ನನಗೆ ಹಾಗೆ ಕಾಣಲಿಲ್ಲ. "ಕೊಡೋಣ ಅಕ್ಕ. ಇರೋ ಮೂಲೆ ಒಂದೇ. ನಿಂಗೆ ಹೊಸದು ಬರ್ತಿದ್ಯಲ್ಲ," ಎಂದೆ. ಅಕ್ಕ ಎದ್ದು ಅರಿಶಿನ ಕುಂಕುಮ ತಂದಳು. ವೀಣೆಗೂ ಹಚ್ಚಿದಳು, ಹುಡುಗಿಗೂ ಹಚ್ಚಿದಳು. ಹೊದಿಸುತ್ತಿದ್ದ ಬಟ್ಟೆಯನ್ನೂ ಜೊತೆಗೇ ಕೊಟ್ಟಳು.

ಮಳೆಗಾಲ ಮುಗಿಯುವ ಹೊತ್ತಿಗೆ ಬುಜೂಕಿ ಬಂತು. ಸಾಲ್ಟ್ ಲೇಕಿನಿಂದ ಬಸ್ಸಿನಲ್ಲಿ ಅದನ್ನು ಮಗುವನ್ನು ಕೂರಿಸಿಕೊಂಡಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಅಕ್ಕ ಚಾಪೆ ಹಾಸಿ ಕೂತಳು. ದುಂಡು ಹೊಟ್ಟೆ ಅವಳ ಮಡಿಲಲ್ಲಿ ನಿಲ್ಲದೆ ಜಾರುತ್ತಿತ್ತು, ನಾನೊಂದು ದಿಂಬು ಕೊಟ್ಟೆ. ಅದರ ತಂತಿಗಳು ಎಂಟು, ಎರಡೆರಡಾಗಿ ಜೋಡಿ. ಜೋಡಿಯನ್ನು ಒಟ್ಟಿಗೇ ಒತ್ತಬೇಕು. ಅಕ್ಕ ಒತ್ತಿದಳು, ತೋರುಬೆರಳಿನಿಂದ ಮೀಟಿದಳು. ಎಡಗೈಯನ್ನು ಚಟ್ಟನೆ ತೆಗೆದಳು.

"ಎರಡೆರಡು ತಂತಿ ಒತ್ತೋದು ಕಷ್ಟ ಆಗುತ್ತೆ ಕಣೆ."

ನನ್ನ ಬಳಿ ಅದಕ್ಕೂ ಉತ್ತರವಿತ್ತು. ಕರ್ನಾಟಕ ಸಂಗೀತಕ್ಕೆಂದು ಮ್ಯಾಂಡೊಲಿನ್ನಿನ ಜೋಡಿ ತಂತಿಯಲ್ಲಿ ಒಂದೊಂದನ್ನು ತೆಗೆದುಹಾಕುತ್ತಾರೆ ಎಂದು ಎಲ್ಲೋ ಓದಿದ್ದೆ. ಇಕ್ಕಳ ತಂದು, ಒಂದು ಬಿಟ್ಟು ಒಂದರಂತೆ ನಾಲ್ಕು ತಂತಿಗಳನ್ನು ಕತ್ತರಿಸಿ ತೆಗೆದು ಕಸದ ಬುಟ್ಟಿಗೆ ಹಾಕಿದೆ. ಈಗ ಮೀಟಿದರೆ ಆ ಸಿ.ಡಿ.ಯ ನಾದದ ಸುಳಿವೇ ಇಲ್ಲ. ಮೀಟಿದ ಮೇಲೂ ಗಾಳಿಯಲ್ಲಿ ನಿಲ್ಲುತ್ತಿದ್ದ ಆ ಕಂಪನ ಬರುತ್ತಿದ್ದದ್ದು ಜೋಡಿಯಿಂದ. ಅದನ್ನೇ ನಾನು ಕತ್ತರಿಸಿ ಬಿಸಾಡಿದ್ದೆ. ಉಳಿದದ್ದು ಡಬ್ಬಕ್ಕೆ ತಂತಿ ಕಟ್ಟಿದಂಥ ಸದ್ದು.

"ಬೆರಳಲ್ಲಿ ಮೀಟಿದ್ರೆ ಹಾಗೇ, ಇದರಲ್ಲಿ ಮೀಟು," ಎಂದು, ಗಾಬರಿಯನ್ನು ಮುಚ್ಚಿಕೊಂಡು, ಪೆಟ್ಟಿಗೆಯಲ್ಲಿದ್ದ ಪ್ಲಾಸ್ಟಿಕ್ ಬಿಲ್ಲೆಯನ್ನು ಅವಳ ಬಲಗೈಗೆ ಕೊಟ್ಟೆ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ನುಡಿಸುವ ಬಿಲ್ಲೆ. ಅಕ್ಕ ಹಿಡಿದಳು, ಅದು ಬಿತ್ತು. ಎತ್ತಿಕೊಟ್ಟೆ, ಮತ್ತೆ ಬಿತ್ತು. ಮೂರನೆಯ ಸಲ ಅವಳು ಕೈ ಚಾಚಲಿಲ್ಲ. ಆಗ ನಾನು ಅವಳ ಬಲಗೈಯನ್ನು ನೋಡಿದೆ. ಹೆಬ್ಬೆರಳ ಬುಡ ಊದಿ ಹೊಳೆಯುತ್ತಿತ್ತು.

"ಇದು ಯಾವಾಗಿಂದ?"

"ಬೇಸಿಗೆಯಿಂದ."

"ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟೊಂದು ಖುಷಿಯಾಗಿ ಹುಡುಕ್ತಿದ್ದೆ," ಎಂದಳು. ಬುಜೂಕಿಯನ್ನು ಮಡಿಲಿನಿಂದ ಕೆಳಗಿಟ್ಟು, "ವೀಣೆ ಇದ್ದಿದ್ರೆ ನುಡಿಸೋಕಾಗ್ದೇ ಇದ್ರೂ ಒರೆಸ್ಕೊಂಡು ಇರ್ತಿದ್ದೆ," ಎಂದಳು.

ಇದೊಂದು ಮಾತು ಬಿಟ್ಟರೆ ಅವಳು ನನ್ನನ್ನು ಯಾವತ್ತೂ ದೂರಲಿಲ್ಲ. ದೂರಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ತಪ್ಪು ಹುಡುಕಿ ಸಂಬಳ ಎಣಿಸುವವಳು, ಒಂದೇ ಮನೆಯಲ್ಲಿ ಕೂತು, ಅಕ್ಕನ ಒಂದು ಕೈಯನ್ನೇ ಒಂದು ವರ್ಷ ನೋಡಿದ್ದೆ. ಅನ್ನ ಕಲಸುವ, ನನಗೆ ಜಡೆ ಹಾಕುತ್ತಿದ್ದ ಇನ್ನೊಂದು ಕೈಯತ್ತ ನನ್ನ ಕಣ್ಣೇ ಹೋಗಿರಲಿಲ್ಲ. ಅಂದು ಸಂಜೆ ಅವಳು ಸಿ.ಡಿ. ಹಾಕಲಿಲ್ಲ. ನಾನು ಹಾಕಲೇ ಎಂದಾಗ ಬೇಡ ಎಂದಳು. ಆಮೇಲೆ ಅದನ್ನು ಮತ್ತೆ ಕೇಳಲೇ ಇಲ್ಲ.

ಹುಬ್ಬಳ್ಳಿಗೆ ಫೋನ್ ಮಾಡಿ ವೀಣೆ ವಾಪಸ್ ಕೇಳೋಣ ಎಂದೆ. "ಅರಿಶಿನ ಕುಂಕುಮ ಇಟ್ಟು ಕೊಟ್ಟಿದ್ದನ್ನ ಕೇಳ್ತಾರೇನೇ?" ಎಂದು ಅಡುಗೆಮನೆಗೆ ಹೋದಳು.

ನವರಾತ್ರಿ ಬಂತು. ಹೊರಗೆ ಬೀದಿಬೀದಿಗೂ ದುರ್ಗೆಯ ಪೆಂಡಾಲು. ಒಳಗೆ ನಮ್ಮದು ಮೈಸೂರಿನ ಪದ್ಧತಿ, ಸರಸ್ವತಿ ಪೂಜೆಯ ದಿನ ಪುಸ್ತಕ ಮತ್ತು ವಾದ್ಯವನ್ನು ಮಣೆಯ ಮೇಲಿಟ್ಟು ಪೂಜೆ ಮಾಡುವುದು. ಇಟ್ಟ ಮೇಲೆ ಓದುವ ಹಾಗಿಲ್ಲ, ನುಡಿಸುವ ಹಾಗಿಲ್ಲ. ವಿಜಯದಶಮಿಯ ದಿನ ಮಂಗಳಾರತಿ ಮಾಡಿ, ಅಕ್ಷತೆ ಹಾಕಿ ಮಣೆಯನ್ನು ಒಂದಿಷ್ಟು ಸರಿಸಿ ಕದಲಿಸಬೇಕು, ವಾದ್ಯವನ್ನು ಕೈಗೆತ್ತಿಕೊಂಡು ಅಂದೇ ಒಂದು ಸಾಲಾದರೂ ನುಡಿಸಬೇಕು. ಅಮ್ಮ ತೀರಿಕೊಂಡ ವರ್ಷದಲ್ಲೂ ಅಕ್ಕ ಒಂದು ಸಾಲು ನುಡಿಸಿದ್ದಳು.

ಈ ಸಲ ಮಣೆ ಖಾಲಿ ಬಿಡೋಣವೇ ಎಂದು ನಾನು ತೊದಲುತ್ತಿದ್ದಾಗ ಅಕ್ಕ ಬುಜೂಕಿಯನ್ನು ತಂದು ಮಲಗಿಸಿದಳು. "ಅದೂ ವಾದ್ಯ ತಾನೆ, ಪಾಪ," ಎಂದಳು. ನಾಲ್ಕು ತಂತಿ ಇದ್ದ ಕಡೆ, ನಾಲ್ಕು ಇಲ್ಲದ ಕಡೆ, ಎಲ್ಲೆಡೆಯೂ ಪಾರಿಜಾತದ ಹೂವಿಟ್ಟಳು. ನಾನು ಮಂಗಳಾರತಿ ತಟ್ಟೆ ಹಿಡಿದೆ, ಅವಳಿಗೆ ಹಿಡಿಯಲು ಆಗುತ್ತಿರಲಿಲ್ಲ.

ದಶಮಿಯ ಬೆಳಿಗ್ಗೆ ಬೀದಿಯಲ್ಲಿ ಢಾಕ್ ಎಂಬ ದೊಡ್ಡ ಡೋಲು ಬಾರಿಸುತ್ತಿದ್ದರು. ದುರ್ಗೆಯನ್ನು ಗಂಗೆಗೆ ಒಯ್ಯಲು ಲಾರಿಗಳು ಬಂದು ನಿಂತಿದ್ದವು. ನಾನು ಸ್ನಾನ ಮಾಡಿ ಅಕ್ಷತೆ ಬಟ್ಟಲು ಹಿಡಿದುಕೊಂಡು ಮಣೆಯ ಮುಂದೆ ಕೂತೆ. ಅಕ್ಕ ಬಾಗಿಲಲ್ಲೇ ನಿಂತಿದ್ದಳು.

"ಬಾ ಅಕ್ಕ, ಕದಲಿಸೋಣ. ಒಂದ್ಸಲ ಸುಮ್ನೆ ತಂತಿ ಮುಟ್ಟು, ಸಾಕು."

"ಕದಲಿಸಿದ್ರೆ ನುಡಿಸ್ಬೇಕಾಗುತ್ತೆ," ಎಂದಳು ಅಕ್ಕ. "ಕದಲಿಸ್ಬೇಡ. ಪೂಜೇಲಿದೆ, ಅದಕ್ಕೇ ಮುಟ್ತಿಲ್ಲ ಅಂತ ಇರ್ಲಿ."

ನಾನು ಕೈಗೆ ತೆಗೆದುಕೊಂಡಿದ್ದ ಅಕ್ಷತೆಯನ್ನು ಮತ್ತೆ ಬಟ್ಟಲಿಗೇ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಬೀದಿ ಖಾಲಿಯಾಯಿತು, ಢಾಕ್ ದೂರವಾಯಿತು.

ಆ ಪೂಜೆ ಇನ್ನೂ ಮುಗಿದಿಲ್ಲ. ಮನೆಗೆ ಬಂದವರು ಅದೇನು ವಾದ್ಯ, ಯಾರು ನುಡಿಸುತ್ತಾರೆ ಎಂದು ಕೇಳಿದರೆ ಅಕ್ಕ, "ಪೂಜೆಗಿಟ್ಟಿದೀವಿ," ಎನ್ನುತ್ತಾಳೆ. ನಾನು ಬೆಳಿಗ್ಗೆ ಅವಳಿಗೆ ಜಡೆ ಹಾಕಿ, ಕೈ ಅದ್ದಲು ಬಿಸಿನೀರು ಕೊಟ್ಟು, ಆಮೇಲೆ ಮಣೆಯ ಸುತ್ತ ಧೂಳು ಒರೆಸುತ್ತೇನೆ. ಬುಜೂಕಿಯ ಮೇಲಿನ ಧೂಳನ್ನು ಒರೆಸುವುದಿಲ್ಲ. ಮುಟ್ಟಿದರೆ ಎಲ್ಲಿ ತಂತಿ ಮಿಡಿದು ಅಕ್ಕನಿಗೆ ಕೇಳಿಸುವುದೋ ಎಂಬ ಭಯ.