ಮೂವತ್ತು ಚಿತ್ರ, ಒಂದು ಮಗು

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ಎಕ್ಸ್‌ರೇ ಕೋಣೆಯಲ್ಲಿ ಇಬ್ಬರು ಒಂದು ಗೊಂಬೆಯ ತೋಳನ್ನು ಮೇಜಿನ ಮೇಲೆ ನೇರ ಮಾಡುತ್ತಿದ್ದಾರೆ. ಇವರ ಕೆಲಸದ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಮೂಲೆಯಲ್ಲಿ ನಿಂತಿದ್ದೇನೆ.

"ಹಿಡ್ಕೊಂಡಿದೀಯೋ, ಕೈ ಕುಲುಕ್ತಿದೀಯೋ?"

"ಗೊಂಬೆ ಅಳಲ್ವಲ್ಲ ಅಕ್ಕಾ, ಅದಕ್ಕೇ ಸಲಿಗೆ."

ಬೈದವರು ಎಕ್ಸ್‌ರೇ ಅಕ್ಕ; ಆಸ್ಪತ್ರೆಯಲ್ಲಿ ಎಲ್ಲರಿಗೂ ಅವರು ಅಕ್ಕನೇ. ಯಾರೋ ಹೊಡೆದಿರಬಹುದೆಂದು ವೈದ್ಯರು ಅನುಮಾನಿಸುವ ಎಳೆಯ ಮಕ್ಕಳ ಮೂಳೆಗಳ ಚಿತ್ರ ತೆಗೆಯುವುದು, ಅದನ್ನು ಬೇರೆಯವರಿಗೆ ಕಲಿಸುವುದು ಇಪ್ಪತ್ತಾರು ವರ್ಷಗಳಿಂದ ಅವರ ಕೆಲಸ. ತಲೆಬುರುಡೆ, ಪಕ್ಕೆಲುಬು, ಒಂದೊಂದು ಕೈ, ಒಂದೊಂದು ಪಾದ, ಎಲ್ಲವೂ ಬೇರೆಬೇರೆಯಾಗಿ. ಒಂದು ಮಗುವಿಗೆ ಸುಮಾರು ಮೂವತ್ತು ಚಿತ್ರ. ಕೋಣೆಯಲ್ಲಿ ತರಬೇತಿ ಪಡೆದ ಇಬ್ಬರು ಇರಲೇಬೇಕು, ಇಬ್ಬರೂ ಸಹಿ ಹಾಕಬೇಕು. ಅಕ್ಕನ ಜೊತೆಗಾರ್ತಿ ಕೆಲಸ ಬಿಟ್ಟ ಮೇಲೆ ಇಂಥ ಮಕ್ಕಳನ್ನು ನಾಲ್ಕು ಗಂಟೆ ದೂರದ ಆಸ್ಪತ್ರೆಗೆ ಕಳಿಸಬೇಕಾಗಿದೆ. ಕಲಿಯಲು ಬಂದ ಐವರು ಹೊರಟುಹೋದರು. ಈ ಹುಡುಗಿ ಆರನೆಯವಳು. ಪರೀಕ್ಷೆ ಪಾಸಾಗಿದ್ದಾಳೆ; ಇಂದು ಅವಳ ಮೊದಲ ನಿಜವಾದ ಮಗು.

"ಐದು ಜನಾನೂ ಒಳ್ಳೆಯವರೇ. ಮಗು ಅತ್ತಾಗ ಕರಗಿಹೋದ್ರು. ನಾನೂ ಹಾಗೇ ಇದ್ದೆ" ಎನ್ನುತ್ತಾರೆ ಅಕ್ಕ. ಹೊಸತರಲ್ಲಿ ಪಾಪ ಎಂದುಕೊಂಡು ಇಡೀ ಮಗುವನ್ನು ಒಂದೇ ಚಿತ್ರದಲ್ಲಿ ಹಿಡಿದು ಮುಗಿಸಿದ್ದರಂತೆ. ಕಾಲಿನ ಕೂದಲೆಳೆಯಂಥ ಬಿರುಕು ಅದರಲ್ಲಿ ಕಾಣಲಿಲ್ಲ. ಮನೆಗೆ ಹೋದ ಮಗು ತಿಂಗಳೊಳಗೆ ತೊಡೆ ಮುರಿದು ವಾಪಸು ಬಂತು. "ಕನಿಕರ ಅಂದ್ಕೊಂಡಿದ್ದೆ. ಸೋಮಾರಿತನಕ್ಕಿಂತ ಕಡೆ ಅದು."

ಎಂಟು ಗಂಟೆಗೆ ಎಂಟು ತಿಂಗಳ ಮಗುವೊಂದು ಬರುತ್ತದೆ, ತಾಯಿಯ ಹೆಗಲ ಮೇಲೆ. ತಾಯಿಯ ಮುಖ ನೋಡಲು ಹೋಗಿ ನಾನು ಗೋಡೆ ನೋಡುತ್ತೇನೆ. ಹೊಡೆದವಳು ಇವಳೇ ಇರಬಹುದೇ? ಮಗುವಿಗೆ ಮೂಳೆಯ ಕಾಯಿಲೆಯೂ ಇರಬಹುದಂತೆ. ಹಾಗಿದ್ದರೆ ಇದೇ ಚಿತ್ರಗಳು ಇವಳನ್ನು ಕಾಪಾಡುತ್ತವೆ. ಮರುಗಬೇಕೋ, ಸಿಟ್ಟಾಗಬೇಕೋ ತಿಳಿಯದೆ ಪೆನ್ನಿನ ಮುಚ್ಚಳ ತೆಗೆಯುತ್ತೇನೆ, ಹಾಕುತ್ತೇನೆ. ಅಕ್ಕ ಮಾತ್ರ, "ಬನ್ನಿ ಅಮ್ಮಾ, ಕೂತ್ಕೊಳ್ಳಿ. ಹಾಲು ಕುಡೀತಾ?" ಎನ್ನುತ್ತಾರೆ. ಬೇರೇನೂ ಕೇಳುವುದಿಲ್ಲ.

"ನಿಮಗೆ ಏನೂ ಅನ್ಸಲ್ವಾ?" ಎಂದು ಮೆಲ್ಲಗೆ ಕೇಳುತ್ತೇನೆ.

"ಅನ್ಸುತ್ತೆ. ಗಳಿಗೆಗೊಂದು ಥರ ಅನ್ಸುತ್ತೆ. ಯಾವುದನ್ನ ನಂಬ್ಲಿ ಹೇಳಿ?"

ಕಿರಣ ತಡೆಯುವ ಸೀಸದ ಅಂಗಿ ತೊಟ್ಟು ಇಬ್ಬರೂ ಸರದಿಯಂತೆ ಮಗುವನ್ನು ಹಿಡಿಯುತ್ತಾರೆ, ಗುಂಡಿ ಒತ್ತುತ್ತಾರೆ. ನಾನು ಗಾಜಿನಾಚೆ. ಒಂದು ಗಂಟೆಯಾಗುವ ಹೊತ್ತಿಗೆ ಮಗುವಿನ ಅಳು ಬರೀ ಗೊಗ್ಗರು ದನಿ. ಹುಡುಗಿಯ ಕಣ್ಣಲ್ಲೂ ನೀರು. ಇವಳೂ ಹೊರಟುಹೋಗುತ್ತಾಳೆ ಎಂದೇ ನನಗನ್ನಿಸುತ್ತದೆ. ಹೋಗಲಿ ಎಂದೂ ಅನ್ನಿಸುತ್ತದೆ. ಕೊನೆಯದು ಎಡಪಾದದ ಗಿಣ್ಣು. ಅಕ್ಕ ಪರದೆ ನೋಡಿ ಬೆವರು ಒರೆಸಿಕೊಳ್ಳುತ್ತಾರೆ.

"ಆಯ್ತು ಬಿಡು. ಅವರಮ್ಮಂಗೆ ಕೊಡು."

"ಇಲ್ಲಕ್ಕಾ. ಮಗು ಒದ್ದಿದೆ, ಮಸುಕಾಗಿದೆ. ಇನ್ನೊಂದು ತೆಗೀಬೇಕು."

"ಸಾಕು ಕಣೇ, ಗಂಟಲೇ ಬಿದ್ದುಹೋಗಿದೆ ಅದಕ್ಕೆ."

"ಕಲಿಸಿದ್ದು ನೀವೇ ತಾನೆ? ಹಿಡ್ಕೊಳ್ಳಿ."

ಅಕ್ಕ ಅವಳನ್ನೇ ದಿಟ್ಟಿಸಿ, ಪಾದ ಹಿಡಿಯುತ್ತಾರೆ.

ಆ ಚಿತ್ರದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ವರದಿ ಬರೆಯುವುದು ವೈದ್ಯರು. ಕೊನೆಗೆ ಏನಾಯಿತೆಂದು ಇವರಿಗೂ ಯಾರೂ ಹೇಳುವುದಿಲ್ಲ. ಮಗು ವಾರ್ಡಿಗೆ ಹೋಗುತ್ತದೆ, ತಾಯಿ ಹಿಂದೆಯೇ ಓಡುತ್ತಾಳೆ. ಹುಡುಗಿ ಮುಖ ತೊಳೆದು ಬಂದು ಅಕ್ಕನ ಸಹಿಯ ಕೆಳಗೆ ತನ್ನದನ್ನು ಹಾಕುತ್ತಾಳೆ. ಆಮೇಲೆ ಗೋಡೆಯ ಕ್ಯಾಲೆಂಡರಿನ ಮುಂದೆ ನಿಲ್ಲುತ್ತಾಳೆ.

"ಎರಡು ವಾರ ಬಿಟ್ಟು ಈ ಮಗೂದು ಪಕ್ಕೆಲುಬು ಮತ್ತೆ ನೋಡ್ಬೇಕಲ್ಲ, ಈಗ ಕಾಣದ ಬಿರುಕು ಆಗ ಕಾಣ್ಬೋದು. ಅವತ್ತು ನಂಗೆ ರಜೆ ಇದೆ. ಬದಲಾಯಿಸ್ಕೊಡಿ ಅಕ್ಕಾ."

ಅಕ್ಕ ನನ್ನ ಕಡೆ ತಿರುಗುತ್ತಾರೆ.

"ನನ್ನ ಬಗ್ಗೆ ಎಷ್ಟು ಕಮ್ಮಿ ಬರೆದ್ರೂ ಪರವಾಗಿಲ್ಲ. ನಾನು ಸಾಕು ಅಂದಾಗ ಇವಳು ಒಪ್ಪಲಿಲ್ಲ ನೋಡಿ, ಅದನ್ನ ಮಾತ್ರ ಬಿಡ್ಬೇಡಿ."